ಹೆಸರು ಕೊರೆಯುವವನ ಹೆಸರೇನು?

ಹೋದ ದೀಪಾವಳಿ ರಜೆಗೆ ಆಫೀಸಿನ ನಾಲ್ಕು ಜನ ಗೆಳೆಯರನ್ನು ನಮ್ಮೂರ ಕಡೆ ಕರೆದುಕೊಂಡು ಹೋಗಿದ್ದೆ. "ನಿಮ್ಮ ಐಹೊಳೆ ತೋರಿಸೋ ಮಾರಾಯ" ಅಂತ ಎರಡು ವರ್ಷದಿಂದ ತಲೆ ತಿಂದಿದ್ದರು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ದಾರಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ, ಹನ್ನೊಂದರ ಹೊತ್ತಿಗೆ ದುರ್ಗ ಗುಡಿಯ ಮುಂದೆ ನಿಂತಿದ್ದೆವು. ಒಬ್ಬ ಗೈಡ್ ಜೊತೆಯಾದ. ಒಳ್ಳೆಯ ಹುಡುಗ, ಚೆನ್ನಾಗಿಯೇ ಹೇಳುತ್ತಿದ್ದ. ಸುತ್ತುಗಂಬದ ಮೂರ್ತಿಗಳನ್ನೆಲ್ಲ ತೋರಿಸಿದ ಮೇಲೆ ನನ್ನ ಗೆಳತಿಯೊಬ್ಬಳು ಸಹಜವಾಗಿ ಕೇಳಿದಳು: "ಇದನ್ನೆಲ್ಲ ಕೆತ್ತಿದ್ದು ಯಾರು?"

ಹುಡುಗ ಕೈ ಮುಗಿದಂತೆ ಮಾಡಿ ಹೇಳಿದ: "ಹೆಸರು ಇಲ್ಲ ಮೇಡಂ. ನಮ್ಮ ಶಿಲ್ಪಿಗಳಿಗೆ ಅಹಂಕಾರ ಇರಲಿಲ್ಲ. ಎಲ್ಲಾ ದೇವರಿಗೆ ಅರ್ಪಣೆ. ಅದಕ್ಕೇ ಯಾರೂ ಹೆಸರು ಹಾಕಲಿಲ್ಲ."

ನಾಲ್ಕೂ ಜನ "ವಾವ್" ಅಂದರು. ಒಬ್ಬ ಆ ಮಾತನ್ನೇ ಸ್ಟೇಟಸ್‌ಗೆ ಹಾಕಿದ. ನನಗೆ ಮಾತ್ರ ಮೈ ಉರಿದುಹೋಯಿತು. ಹುಡುಗನ ಮೇಲಲ್ಲ. ಅವನು ಕೇಳಿದ್ದನ್ನು ಹೇಳಿದ. ಇದೇ ಮಾತನ್ನು ನಾನು ಶಾಲೆಯಲ್ಲಿ ಕೇಳಿದ್ದೇನೆ, ಭಾಷಣಗಳಲ್ಲಿ ಕೇಳಿದ್ದೇನೆ, ಫಾರ್ವರ್ಡ್ ಮೆಸೇಜುಗಳಲ್ಲಿ ಓದಿದ್ದೇನೆ. ಅದು ನಿಜ ಅಲ್ಲ ಅನ್ನುವುದು ಒಂದು. ಈ ಸುಳ್ಳಿನಿಂದ ಲಾಭ ಆಗುವುದು ಕೆತ್ತಿದವನಿಗಂತೂ ಅಲ್ಲ ಅನ್ನುವುದು ಇನ್ನೊಂದು. ಈ ಲೇಖನ ಇವೆರಡರ ಮೇಲೆ.

ಮೊದಲು ಐಹೊಳೆಯನ್ನೇ ತಗೊಳ್ಳಿ. ಇಲ್ಲಿಯ ಒಂದು ಶಾಸನ ನರಸೊಬ್ಬ ಎಂಬ ಕಟ್ಟುಗಾರನನ್ನು ಹೊಗಳುತ್ತದೆ. ಮನೆ ಮತ್ತು ದೇಗುಲ ಕಟ್ಟುವ ವಿದ್ಯೆಯಲ್ಲಿ ಇವನ ಸಮಾನರು ಜಂಬೂದ್ವೀಪದಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂಬ ಅರ್ಥದ ಹೊಗಳಿಕೆ. ಇದಕ್ಕಿಂತ ದೊಡ್ಡ ವಿಸಿಟಿಂಗ್ ಕಾರ್ಡ್ ಇನ್ನೇನು ಬೇಕು ಹೇಳಿ. ಮಲಪ್ರಭೆಯ ದಡದಲ್ಲೇ ಅರ್ಧ ತಾಸು ಗಾಡಿ ಓಡಿಸಿದರೆ ಪಟ್ಟದಕಲ್ಲು. ಅಲ್ಲಿ 8ನೇ ಶತಮಾನದಲ್ಲಿ ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಇದೆ. ಅದರ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ರಾಜನಿಂದ ಅವನಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಿಕ್ಕಿತು. ಅದನ್ನೆಲ್ಲ ಕಲ್ಲಿನ ಮೇಲೆ ಬರೆದಿದ್ದಾರೆ. ಅದೇ ಗುಡಿಯಲ್ಲಿ ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನ ಹೆಸರಿದೆ. ಅವನನ್ನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಶಾಸನ ಕರೆಯುತ್ತದೆ. ಇವನು ಕಂಚಿಯ ಕಡೆಯಿಂದ ಬಂದವನು ಎಂದು ಕೆಲವರು ಓದುತ್ತಾರೆ, ದಕ್ಷಿಣದ ಶೈಲಿಯಲ್ಲಿ ಪಳಗಿದವನು ಎಂದು ಇನ್ನು ಕೆಲವರು. ಗೋಡೆಗಳ ಮೇಲೆ ಚೆಂಗಮ್ಮ, ಪುಲ್ಲಪ್ಪನ್, ಬಲದೇವ ಎಂಬ ಹೆಸರುಗಳಿವೆ. ಬಲದೇವ ತಾನು ದುಗ್ಗಿ ಆಚಾರಿಯ ಮಗ ಎಂದು ಅಪ್ಪನ ಹೆಸರನ್ನೂ ಸೇರಿಸಿದ್ದಾನೆ.

ಇವರೆಲ್ಲ ಅಹಂಕಾರಿಗಳಾಗಿದ್ದರೋ? ದೇವರಿಗೆ ಅರ್ಪಣೆ ಮಾಡದೆ ಉಳಿಸಿಕೊಂಡರೋ? ಇಲ್ಲ ಸ್ವಾಮಿ. ಕೆಲಸ ಮಾಡಿದರು, ಹೆಸರು ಬರೆದರು. ಎರಡಕ್ಕೂ ಜಗಳ ಇರಲಿಲ್ಲ.

ಇನ್ನು ಮೇಗುತಿ ಗುಡ್ಡ ಹತ್ತಿ. ಕ್ರಿ.ಶ. 634ರ ಶಾಸನ. ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಗೊತ್ತಾಗುವುದೇ ಅದರಿಂದ ಅಂತ ಪಾಠದಲ್ಲಿ ಓದಿದ್ದೇವಲ್ಲ, ಅದೇ. ಬರೆದ ರವಿಕೀರ್ತಿ ತನ್ನ ಹೆಸರು ಹೇಳಿಕೊಂಡದ್ದಷ್ಟೇ ಅಲ್ಲ, ತನ್ನ ಕೀರ್ತಿ ಕಾಳಿದಾಸ, ಭಾರವಿಯರ ಸಾಲಿನದು ಎಂದೂ ಹೇಳಿಕೊಂಡಿದ್ದಾನೆ. ಅದನ್ನು ಯಾರೂ ಅಹಂಕಾರ ಅನ್ನುವುದಿಲ್ಲ. ಕವಿಯ ಆತ್ಮವಿಶ್ವಾಸ ಅನ್ನುತ್ತಾರೆ. ಆದರೆ ಆ ಸಾಲುಗಳನ್ನು ಒಂದೊಂದಾಗಿ ಕಲ್ಲಿಗೆ ಇಳಿಸಿದವನ ಹೆಸರು ಅಲ್ಲಿಲ್ಲ. ಬಾಯಿಂದ ಹೇಳಿದವನದು ಆತ್ಮವಿಶ್ವಾಸ, ಉಳಿ ಹಿಡಿದವನದು ಅಹಂಕಾರ. ಈ ತಕ್ಕಡಿ ಯಾರದು?

ನನಗೇಕೆ ಇಷ್ಟು ಸಿಟ್ಟು ಅಂದರೆ, ನಾನು ಉಳಿ ಹಿಡಿದವನ ಮಗ.

ನಮ್ಮಪ್ಪ ಪತ್ತಾರಕಿ ಮಾಡಿದವರು. ಚಿನ್ನದ ಕೆಲಸ ಕಡಿಮೆ ಇದ್ದ ದಿನಗಳಲ್ಲಿ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಹೆಸರು ಕೊರೆಯುತ್ತಿದ್ದರು. ಬೆಂಗಳೂರಲ್ಲಿ ಬೆಳೆದ ನಿಮಗೂ ಇದು ಗೊತ್ತಿರುತ್ತದೆ. ಅಮ್ಮನ ಅಡುಗೆಮನೆಯ ಯಾವುದಾದರೂ ಹಳೆಯ ಸ್ಟೀಲ್ ಡಬ್ಬಿ, ತಂಬಿಗೆ, ಪರಾತ ಎತ್ತಿ ನೋಡಿ. ಚುಕ್ಕಿ ಚುಕ್ಕಿಯಾಗಿ ಅಕ್ಷರ ಇರುತ್ತದೆ. ಇಂಥವರಿಂದ ಇಂಥವರ ಮದುವೆಗೆ ಪ್ರೀತಿಯ ಉಡುಗೊರೆ, ತಾರೀಖು ಇಷ್ಟು. ಕೊಟ್ಟವರ ಹೆಸರಿದೆ, ತಗೊಂಡವರ ಹೆಸರಿದೆ, ಕೆಲವೊಮ್ಮೆ ಅಂಗಡಿಯ ಹೆಸರೂ ಇರುತ್ತದೆ. ಸಣ್ಣ ಸುತ್ತಿಗೆ, ಮೊಳೆಯಂಥ ಉಳಿ ಹಿಡಿದು ಆ ಚುಕ್ಕಿ ಹೊಡೆದವನ ಹೆಸರು ಎಲ್ಲಿದೆ? ನಮ್ಮಪ್ಪ ನಲವತ್ತು ವರ್ಷ ಜಗತ್ತಿನ ಹೆಸರೆಲ್ಲ ಕೊರೆದರು. ಅವರ ಹೆಸರಿರುವ ಪಾತ್ರೆ ನಮ್ಮ ಮನೆಯಲ್ಲೇ ಇಲ್ಲ.

ನಾನು ಆ ಕಸುಬು ಬಿಟ್ಟು ಬೆಂಗಳೂರಿಗೆ ಬಂದೆ. ಲ್ಯಾಪ್‌ಟಾಪ್ ಹಿಡಿದೆ. ಅಲ್ಲೂ ಅದೇ ಕಥೆ. ಕೆಲವು ವರ್ಷಗಳ ಹಿಂದೆ, ಆಗ ನಾನಿದ್ದ ಒಂದು ಕಂಪನಿಯಲ್ಲಿ, ಇಬ್ಬರು ಕೂತು ಮೂರು ತಿಂಗಳು ಒಂದು ಕೆಲಸ ಮಾಡಿದೆವು. ನಾನು ಮತ್ತು ಕಾಂಟ್ರಾಕ್ಟ್ ಮೇಲಿದ್ದ ಒಬ್ಬ ಹುಡುಗಿ. ಕ್ಲೈಂಟ್ ಮುಂದೆ ತೋರಿಸುವ ದಿನ ಮೊದಲ ಸ್ಲೈಡ್‌ನಲ್ಲಿ ದಪ್ಪ ಅಕ್ಷರದಲ್ಲಿ ಮ್ಯಾನೇಜರ್ ಹೆಸರು. ಕೊನೆಯ ಸ್ಲೈಡ್‌ನಲ್ಲಿದ್ದ ನಮ್ಮಿಬ್ಬರ ಹೆಸರು ಮಾಯ. ಕೇಳಿದ್ದಕ್ಕೆ ಬಂದ ಉತ್ತರ: "ನಾವೆಲ್ಲ ಟೀಮ್ ಅಲ್ವಾ? ಹೆಸರಿಗೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ?" ಆರು ವಾರ ಆದ ಮೇಲೆ ಅದರಲ್ಲಿ ಒಂದು ತಪ್ಪು ಸಿಕ್ಕಿತು. ಆವತ್ತಿನ ಮೇಲ್‌ನಲ್ಲಿ ನಮ್ಮಿಬ್ಬರ ಪೂರ್ತಿ ಹೆಸರಿತ್ತು, ಇನಿಶಿಯಲ್ ಸಮೇತ.

ಐಹೊಳೆಯ ಗೈಡ್ ಹೇಳಿದ್ದು ಮತ್ತು ನನ್ನ ಮ್ಯಾನೇಜರ್ ಹೇಳಿದ್ದು ಒಂದೇ ಮಾತು. ಒಬ್ಬ ಭಕ್ತಿಯ ಭಾಷೆಯಲ್ಲಿ ಹೇಳಿದ, ಇನ್ನೊಬ್ಬ ಹೆಚ್‌ಆರ್ ಭಾಷೆಯಲ್ಲಿ. ಅಷ್ಟೇ ವ್ಯತ್ಯಾಸ.

ಈಗ ಒಬ್ಬ ಪರದೇಶಿಯ ಕಥೆ ಹೇಳುತ್ತೇನೆ. ನಮ್ಮ ನೆಲದ ಒಂದು ದೊಡ್ಡ ಘಟನೆಯ ಮೇಲೆ ಸಾವಿರಾರು ಮೈಲಿ ದೂರದಲ್ಲಿ ಕೂತು ತನ್ನ ಹೆಸರಿನ ಮೂರು ಅಕ್ಷರ ಕೆತ್ತಿಹೋದವನು.

ಹೆಸರು ಕಾನ್ರಾಡ್ ಹೈನ್ರಿಷ್ ಕ್ಯೂಕ್ಲರ್. ಫ್ಲಾಂಡರ್ಸ್ ಕಡೆಯವನು, ಜರ್ಮನಿಯ ಊರೂರು ಅಲೆದು ಪದಕ ಕೆತ್ತುತ್ತಿದ್ದ. 1793ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಬಂದ. ಅಲ್ಲಿ ಮ್ಯಾಥ್ಯೂ ಬೋಲ್ಟನ್ ಎಂಬ ಉದ್ಯಮಿ ಸೋಹೋ ಎಂಬಲ್ಲಿ ಟಂಕಸಾಲೆ ಇಟ್ಟಿದ್ದ. ಜೇಮ್ಸ್ ವಾಟ್‌ನ ಪಾಲುದಾರ. ಉಗಿ ಯಂತ್ರದಿಂದ ನಾಣ್ಯ ಒತ್ತುವುದನ್ನು ದೊಡ್ಡ ಮಟ್ಟದಲ್ಲಿ ಶುರುಮಾಡಿದವನು. ಇವತ್ತಿನ ಭಾಷೆಯಲ್ಲಿ ಸ್ಟಾರ್ಟಪ್ ಫೌಂಡರ್ ಅನ್ನಿ. ಯಂತ್ರ ಇತ್ತು, ದುಡ್ಡಿತ್ತು, ಆರ್ಡರ್ ಇತ್ತು. ಕೈ ಇರಲಿಲ್ಲ. ಇವನಿಗಿಂತ ಮೊದಲು ಡ್ರೋಜ್ ಎಂಬ ಸ್ವಿಸ್ ಕೆತ್ತನೆಗಾರನನ್ನು ಪ್ಯಾರಿಸ್‌ನಿಂದ ಕರೆಸಿದ್ದ. ಜಗಳವಾಗಿ ಅವನು ಹೊರಟುಹೋಗಿದ್ದ.

ಕೈ ಯಾಕೆ ಅಷ್ಟು ಮುಖ್ಯ? ನಾಣ್ಯವೋ ಪದಕವೋ, ಅದನ್ನು ಒತ್ತುವುದಕ್ಕೆ ಉಕ್ಕಿನ ಅಚ್ಚು ಬೇಕು. ಪದಕದ ಮೇಲೆ ಉಬ್ಬಿ ಬರಬೇಕಾದ್ದನ್ನು ಅಚ್ಚಿನಲ್ಲಿ ತಗ್ಗಾಗಿ ಕೊರೆಯಬೇಕು. ಬಲಕ್ಕೆ ನೋಡುವ ಮುಖವನ್ನು ಎಡಕ್ಕೆ ಕೊರೆಯಬೇಕು. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯಬೇಕು. ಮೆತ್ತಗೆ ಮಾಡಿದ ಉಕ್ಕಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಕೊರೆದ ಮೇಲೆ ಅದನ್ನು ಕೆಂಪಗೆ ಕಾಯಿಸಿ, ನೀರಲ್ಲಿ ಅದ್ದಿ ಗಟ್ಟಿ ಮಾಡಬೇಕು. ಆ ಒಂದು ಕ್ಷಣದಲ್ಲಿ ಅಚ್ಚು ಸೀಳಿದರೆ ಮತ್ತೆ ಮೊದಲಿನಿಂದ. ಅಂಡೂ ಇಲ್ಲ, ಬ್ಯಾಕಪ್ಪೂ ಇಲ್ಲ. ಬೋಲ್ಟನ್ನನ ಯಂತ್ರ ಅಷ್ಟು ವೇಗವಾಗಿ ಒತ್ತುತ್ತಿದ್ದದ್ದು ಇಂಥ ಒಬ್ಬನ ತಿಂಗಳ ಕೆಲಸವನ್ನು.

ಕ್ಯೂಕ್ಲರ್‌ಗೆ ತನ್ನ ಬೆಲೆ ಗೊತ್ತಿತ್ತು. 1797ರಲ್ಲಿ ಬ್ರಿಟನ್ನಿಗೆ ದೊಡ್ಡ ತಾಮ್ರದ ಪೆನ್ನಿ ಬಂತು. ಗಾಡಿಯ ಚಕ್ರದಂತೆ ದಪ್ಪ ಅಂಚು ಇದ್ದದ್ದಕ್ಕೆ ಜನ ಅದನ್ನು 'ಕಾರ್ಟ್‌ವೀಲ್' ಅಂದರು. ಅದರ ಮೇಲಿನ ರಾಜ ಮೂರನೇ ಜಾರ್ಜ್‌ನ ಬಟ್ಟೆಯ ಮಡಿಕೆಯಲ್ಲಿ ಒಂದು ಪುಟ್ಟ 'ಕೆ' ಇದೆ. ಅದು ಕ್ಯೂಕ್ಲರ್‌ನದು. ನಾಲ್ಕು ವರ್ಷದ ಹಿಂದೆ ಊರಿಗೆ ಬಂದ ಪರದೇಶಿ, ರಾಜನ ಹೆಗಲ ಮೇಲೆ ತನ್ನ ಅಕ್ಷರ ಕೂರಿಸಿದ!

ಎರಡು ವರ್ಷ ಕಳೆಯಿತು. 1799ರ ಮೇ 4. ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ಜಗಳ ಇವತ್ತು ಬೇಡ. ಈಸ್ಟ್ ಇಂಡಿಯಾ ಕಂಪನಿ ಗೆದ್ದ ಸೈನ್ಯಕ್ಕೆಲ್ಲ ಪದಕ ಕೊಡಲು ತೀರ್ಮಾನಿಸಿತು. ಆರ್ಡರ್ ಹೋದದ್ದು ಸೋಹೋಗೆ, ಕೆತ್ತಿದ್ದು ಕ್ಯೂಕ್ಲರ್. ಒಂದು ಮಗ್ಗುಲಲ್ಲಿ ಬ್ರಿಟನ್ನಿನ ಸಿಂಹ ಮೈಸೂರಿನ ಹುಲಿಯನ್ನು ನೆಲಕ್ಕೆ ಕೆಡವಿದೆ. ಇನ್ನೊಂದು ಮಗ್ಗುಲಲ್ಲಿ ಕೋಟೆಯ ಒಡೆದ ಗೋಡೆಗೆ ನುಗ್ಗುತ್ತಿರುವ ಸೈನ್ಯ. ಸಿಂಹದ ಮೇಲಿನ ಬಾವುಟದಲ್ಲಿ ಅರಬ್ಬಿ ಅಕ್ಷರ: ದೇವರ ಸಿಂಹವೇ ಗೆಲ್ಲುವುದು ಎಂಬ ಅರ್ಥ. ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಯ ಮುಖದ ಆಕಾರದಲ್ಲಿ ಬರೆಸಿಕೊಳ್ಳುತ್ತಿದ್ದದ್ದು ಇದೇ ಮಾತನ್ನು. ಸೋತವನ ಘೋಷವಾಕ್ಯವನ್ನೇ ಕಿತ್ತು ಗೆದ್ದವನ ಬಾವುಟಕ್ಕೆ ಕಟ್ಟಿದ್ದಾರೆ. ಸೈನಿಕರ ಕೈಗೆ ಬರುವ ಹೊತ್ತಿಗೆ 1808 ಆಗಿತ್ತು. ದೊಡ್ಡವರಿಗೆ ಚಿನ್ನ, ಆಮೇಲೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಕಂಚು. ಗುಂಡಿಗೆ ಎದೆ ಕೊಟ್ಟ ಸಾಮಾನ್ಯ ಸಿಪಾಯಿಗೆ ತವರ. ಅಪ್ರೈಸಲ್ ಗ್ರೇಡ್ ಅಂದರೆ ಏನು ಅಂತ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಆ ಪದಕದ ಮೇಲೆ 'ಸಿ. ಹೆಚ್. ಕೆ.' ಎಂಬ ಮೂರು ಅಕ್ಷರ ಇದೆ. ಚಿನ್ನದ್ದರ ಮೇಲೂ ಅದೇ, ತವರದ್ದರ ಮೇಲೂ ಅದೇ. 1810ರಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಹ್ಯಾಂಡ್ಸ್‌ವರ್ತ್‌ನಲ್ಲಿ ಅವನು ತೀರಿಹೋದ.

ಇನ್ನು ಸೋತ ಕಡೆ ನೋಡಿ. ಟಿಪ್ಪುವಿನ ನಾಣ್ಯಗಳು ನೋಡಲು ಬಲು ಚೆಂದ. ತಾಮ್ರದ ಕಾಸಿನ ಮೇಲಿನ ಆನೆಗಳನ್ನು ಮ್ಯೂಸಿಯಮ್ಮಿನಲ್ಲಿ ನೋಡಿರುತ್ತೀರಿ. ಒಂದು ಸೊಂಡಿಲು ಎತ್ತಿದೆ, ಇನ್ನೊಂದು ಇಳಿಬಿಟ್ಟಿದೆ. ಅವನು ಪ್ರತಿ ನಾಣ್ಯಕ್ಕೂ ಒಂದೊಂದು ಹೆಸರಿಟ್ಟಿದ್ದ. ಬೆಳ್ಳಿಯದಕ್ಕೆ ಹೈದರಿ, ಇಮಾಮಿ. ತಾಮ್ರದವಕ್ಕೆ ಗ್ರಹ ನಕ್ಷತ್ರಗಳ ಹೆಸರು: ಜೊಹ್ರಾ ಅಂದರೆ ಶುಕ್ರ, ಬಹ್ರಾಮ್ ಅಂದರೆ ಮಂಗಳ. ಪಟ್ಟಣ, ನಗರ ಎಂದು ಟಂಕಸಾಲೆಯ ಹೆಸರೂ ಇದೆ. ನಾಣ್ಯಕ್ಕೆ ಹೆಸರಿತ್ತು, ಊರಿಗೆ ಹೆಸರಿತ್ತು. ಆನೆ ಕೆತ್ತಿದವನ ಹೆಸರು ಇಲ್ಲ. ಶ್ರೀರಂಗಪಟ್ಟಣವನ್ನು ಕಣ್ಣಾರೆ ಕಾಣದವನ ಇನಿಶಿಯಲ್ ಇವತ್ತಿಗೂ ಲಂಡನ್ನಿನ ಹರಾಜಿನ ಪುಸ್ತಕದಲ್ಲಿ ಅಚ್ಚಾಗುತ್ತದೆ. ಶ್ರೀರಂಗಪಟ್ಟಣದಲ್ಲೇ ಕೂತು ಉಳಿ ಹೊಡೆದವರ ಬಗ್ಗೆ ಹೇಳಲು ಒಂದು ಸಾಲೂ ಇಲ್ಲ.

ಇಲ್ಲಿ ಒಬ್ಬ ಗೆಳೆಯ ನನ್ನ ಕೊರಳಪಟ್ಟಿ ಹಿಡಿದ. "ಅಲ್ಲಯ್ಯಾ, ನಮ್ಮ ನೆಲದ ಸೋಲನ್ನು ಕೆತ್ತಿ ಕೂಲಿ ತಗೊಂಡವನನ್ನ ಹೊಗಳ್ತೀಯಲ್ಲ?"

ಹೊಗಳುತ್ತಿಲ್ಲ. ಗಮನಿಸಿ, ಅವನನ್ನು ಬೈಯುವುದಕ್ಕೂ ನಮಗೆ ಸಾಧ್ಯವಾಗಿರುವುದು ಅವನು ಹೆಸರು ಹಾಕಿದ್ದರಿಂದ. ಅದನ್ನು ಯಾಕೆ ಕೆತ್ತಿದೆ, ಎಷ್ಟು ದುಡ್ಡಿಗೆ ಕೆತ್ತಿದೆ, ಸೋತವನ ಮಾತನ್ನು ಕದ್ದು ಬರೆಯುವಾಗ ಏನನಿಸಿತು ಎಂದು ಇನ್ನೂರು ವರ್ಷ ಆದ ಮೇಲೂ ಒಬ್ಬ ಮನುಷ್ಯನ ಕಡೆ ಬೆರಳು ತೋರಿಸಿ ಕೇಳಬಹುದು. ಹೆಸರು ಹಾಕುವುದು ಬರೀ ಕ್ರೆಡಿಟ್ ಅಲ್ಲ, ಹೊಣೆ ಕೂಡ. 'ನಾವೆಲ್ಲ ಟೀಮ್' ಅನ್ನುವಲ್ಲಿ ಕ್ರೆಡಿಟ್ ಮೇಲೆ ಹೋಗುತ್ತದೆ, ಹೊಣೆ ಕೆಳಗೆ ಬರುತ್ತದೆ. ನನಗೆ ಮೇಲ್‌ನಲ್ಲಿ ಬೈಸಿಕೊಂಡದ್ದಕ್ಕೆ ಬೇಜಾರಿಲ್ಲ. ಸ್ಲೈಡ್‌ನಲ್ಲೂ ಹೆಸರು ಬಿಟ್ಟಿದ್ದರೆ ಆ ಬೈಗುಳ ನನಗೆ ಸಲ್ಲುತ್ತಿತ್ತು. ಎರಡೂ ಕೊಡಿ, ಇಲ್ಲವೇ ಎರಡೂ ಬೇಡ.

ಪರದೇಶಿಗಳಿಗೆ ಎಲ್ಲವೂ ಸಲೀಸಾಗಿತ್ತು ಅಂತಲೂ ತಿಳಿಯಬೇಡಿ. ಕ್ಯೂಕ್ಲರ್ ಸತ್ತ ಐದು ವರ್ಷಕ್ಕೆ, 1815ರಲ್ಲಿ, ರೋಮ್‌ನ ಬೆನೆಡೆಟ್ಟೊ ಪಿಸ್ಟ್ರುಚ್ಚಿ ಲಂಡನ್ನಿಗೆ ಬಂದ. 1817ರ ಚಿನ್ನದ ಸವರಿನ್ ಮೇಲೆ ಕುದುರೆ ಏರಿ ಡ್ರಾಗನ್ ಕೊಲ್ಲುವ ಸಂತ ಜಾರ್ಜ್ ಇವನ ಕೆತ್ತನೆ. ಬೆಂಗಳೂರು, ಮೈಸೂರು ಕಡೆ ಇವತ್ತಿಗೂ ಚಿನ್ನದಂಗಡಿಯಲ್ಲಿ ಎಂಟು ಗ್ರಾಂಗೆ 'ಒಂದು ಸವರನ್' ಅನ್ನುತ್ತಾರಲ್ಲ, ಆ ಮಾತು ಬಂದದ್ದು ಈ ನಾಣ್ಯದಿಂದ. ಅದರ ಮೇಲೆ 'ಬಿ. ಪಿ.' ಎಂಬ ಅಕ್ಷರಗಳಿವೆ. ಮಾರನೇ ವರ್ಷದ ಕ್ರೌನ್ ಎಂಬ ಬೆಳ್ಳಿ ನಾಣ್ಯದ ಮೇಲೆ ಆಸಾಮಿ ಪೂರ್ತಿ 'ಪಿಸ್ಟ್ರುಚ್ಚಿ' ಎಂದೇ ಬರೆದ. ಇವನಿಗೆ ಎಷ್ಟು ಸೊಕ್ಕು ಎಂದು ಜನ ಗೊಣಗಿದರು. ನೋಡಿ, ಎಲ್ಲ ಊರಲ್ಲೂ ಅದೇ ಮಾತು!

ಆಗ ಲಂಡನ್ ಟಂಕಸಾಲೆಯ ಯಜಮಾನ ವಿಲಿಯಂ ವೆಲ್ಲೆಸ್ಲಿ ಪೋಲ್. ಈ ಮನೆತನ ನಮಗೆ ಹೊಸದಲ್ಲ. ಒಬ್ಬ ಅಣ್ಣ ರಿಚರ್ಡ್, ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್. ತಮ್ಮ ಆರ್ಥರ್, ಕೋಟೆ ಬಿದ್ದ ಮೇಲೆ ಅಲ್ಲಿಯ ಆಡಳಿತ ನೋಡಿದವನು, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು. 1817ರಲ್ಲಿ ಮುಖ್ಯ ಕೆತ್ತನೆಗಾರನ ಹುದ್ದೆ ಖಾಲಿಯಾಯಿತು. ಪೋಲ್ ಪಿಸ್ಟ್ರುಚ್ಚಿಗೆ ಆ ಕೆಲಸ ಕೊಟ್ಟ, ಸಂಬಳ ಕೊಟ್ಟ. ಹುದ್ದೆಯ ಹೆಸರು ಮಾತ್ರ ಕೊಡಲಾಗಲಿಲ್ಲ. ಪರದೇಶದವನಿಗೆ ಅದು ಸಲ್ಲದು ಎಂಬ ಅಡ್ಡಿ ಇತ್ತು. ಹನ್ನೊಂದು ವರ್ಷ ಹೀಗೇ ನಡೆಯಿತು. ಕೊನೆಗೆ 1828ರಲ್ಲಿ ವಿಲಿಯಂ ವೈಯನ್‌ನನ್ನು ಮುಖ್ಯ ಕೆತ್ತನೆಗಾರ ಮಾಡಿ, ಪಿಸ್ಟ್ರುಚ್ಚಿಗೆಂದೇ ಮುಖ್ಯ ಪದಕಕಾರ ಎಂಬ ಹೊಸ ಹುದ್ದೆ ಹುಟ್ಟಿಸಿದರು. ತಮಾಷೆ ಏನು ಅಂದರೆ, ಈ 'ಊರಿನವರು' ವೈಯನ್‌ಗಳ ಹಿರಿಯರು ಜರ್ಮನಿಯ ಕಲೋನ್‌ನಿಂದ ಬಂದವರು. ಕೆಲವು ತಲೆಮಾರು ಮೊದಲು ಬಂದಿದ್ದರು, ಅಷ್ಟೇ.

ಆನ್‌ಸೈಟ್ ಹೋಗಿ ಬಂದವರು ಈಗ ಒಳಗೊಳಗೇ ತಲೆಯಾಡಿಸುತ್ತಿರಬೇಕು. ಕೆಲಸ ನಿಮ್ಮದು, ಜವಾಬ್ದಾರಿ ನಿಮ್ಮದು, ಡೆಸಿಗ್ನೇಶನ್ ಮಾತ್ರ ವೀಸಾ ನೋಡಿ. ಅಲ್ಲಿ ಅದನ್ನು ಅನುಭವಿಸಿ ಬಂದವರೇ ಬೆಂಗಳೂರಿಗೆ ವಾಪಸು ಬಂದು, ಹೊರಗಿನಿಂದ ಬಂದು ನಮ್ಮ ಅಪಾರ್ಟ್‌ಮೆಂಟ್ ಕಟ್ಟಿದವರನ್ನು 'ಲೇಬರ್' ಎಂಬ ಒಂದೇ ಪದದಲ್ಲಿ ಮುಗಿಸುತ್ತೇವೆ. ಅವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ಪಟ್ಟದಕಲ್ಲಿನ ರಾಜ ತೆಂಕಣದ ಸೂತ್ರಧಾರಿಯ ಹೆಸರನ್ನು ತನ್ನ ಗುಡಿಯ ಮೇಲೆ ಬರೆಯಲು ಬಿಟ್ಟ. ನಮ್ಮ ಅಪಾರ್ಟ್‌ಮೆಂಟಿನ ಗ್ರಾನೈಟ್ ಫಲಕದಲ್ಲಿ ಇರುವುದು ಉದ್ಘಾಟನೆಗೆ ಬಂದ ಶಾಸಕರ ಹೆಸರು. ಆ ಫಲಕದ ಅಕ್ಷರ ಕೆತ್ತಿದವನಾದರೂ ಯಾರು?

ಹಾಗಂತ ಪಿಸ್ಟ್ರುಚ್ಚಿಯನ್ನು ಸಂತ ಮಾಡಬೇಕಿಲ್ಲ. ವಾಟರ್‌ಲೂ ಗೆಲುವಿನ ಪದಕವನ್ನು 1819ರಲ್ಲಿ ಒಪ್ಪಿಕೊಂಡವನು ಮುಗಿಸಿ ಕೊಟ್ಟದ್ದು ಮೂವತ್ತು ವರ್ಷ ಆದ ಮೇಲೆ. ಅಷ್ಟೊತ್ತಿಗೆ ಪದಕ ತಗೊಳ್ಳಬೇಕಾದ ರಾಜರುಗಳೆಲ್ಲ ಬಹುಪಾಲು ತೀರಿಹೋಗಿದ್ದರು. ಅಚ್ಚು ಎಷ್ಟು ದೊಡ್ಡದಾಗಿತ್ತೆಂದರೆ ಸೀಳೀತೆಂಬ ಭಯಕ್ಕೆ ಅದನ್ನು ಗಟ್ಟಿ ಮಾಡಲೇ ಇಲ್ಲ, ಪದಕ ಒತ್ತಲೇ ಇಲ್ಲ. ಡೆಡ್‌ಲೈನ್ ತಪ್ಪಿಸಿದ್ದಕ್ಕೆ ನಮ್ಮನ್ನು ಬೈಯುವ ಮ್ಯಾನೇಜರ್‌ಗೆ ಈ ಕಥೆ ಹೇಳಿ. ಆದರೆ ಇದೂ ನಮಗೆ ಗೊತ್ತಿರುವುದು ಹೆಸರಿನಿಂದಲೇ. ಅವನ ಗೆಲುವು, ಸೋಮಾರಿತನ, ಹಟ, ಜಗಳ ಎಲ್ಲ ಸೇರಿ ಒಬ್ಬ ಮನುಷ್ಯ ಕಾಣುತ್ತಾನೆ. ಹೆಸರು ಅಳಿಸಿದರೆ ಉಳಿಯುವುದು 'ಕಲಾ ವೈಭವ'.

ಈಗ ನಿಮ್ಮ ಜೇಬಿನಿಂದ ಒಂದು ನಾಣ್ಯ ತೆಗೆಯಿರಿ. ಯುಪಿಐ ಬಂದ ಮೇಲೆ ಕಷ್ಟ, ಆದರೂ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಒಂದಾದರೂ ಸಿಗುತ್ತದೆ. ಇಸವಿಯ ಕೆಳಗೆ ನೋಡಿ. ವಜ್ರದ ಆಕಾರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಯಾವ ಊರಲ್ಲಿ ಒತ್ತಿದ್ದು ಅಂತ ಕೋಟಿಗಟ್ಟಲೆ ನಾಣ್ಯದ ಮೇಲೂ ಗುರುತು ಹಾಕಲು ಜಾಗ ಇದೆ. ಯಾರು ಬಿಡಿಸಿದ್ದು ಅಂತ ಹಾಕಲು ಜಾಗ ಇಲ್ಲವೇ? 2010ರಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂದಾಗ ಅದನ್ನು ಮಾಡಿದ ಉದಯ ಕುಮಾರ್ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಚಿಹ್ನೆಯ ಗೌರವ ಅದರಿಂದ ಕಡಿಮೆಯಾಯಿತೇ? ಮನಸ್ಸಿದ್ದರೆ ಆಗುತ್ತದೆ ಅನ್ನುವುದಕ್ಕೆ ಇಷ್ಟು ಸಾಕು.

ನಮ್ಮ ಭಾಷೆಗೂ ಈ ಮರೆವು ಅಂಟಿದೆ. ಕಥಾ ಕಮ್ಮಟ, ರಂಗ ಕಮ್ಮಟ ಅಂತ ಪೋಸ್ಟರ್ ನೋಡಿ ರಿಜಿಸ್ಟರ್ ಮಾಡುತ್ತೀರಲ್ಲ, ಕಮ್ಮಟ ಅಂದರೆ ಹಳೆಗನ್ನಡದಲ್ಲಿ ಟಂಕಸಾಲೆ. ನಾಣ್ಯ ಒತ್ತುವ ಜಾಗ. ಚಾಲುಕ್ಯರ ಲಾಂಛನದ ಹಂದಿಯಿಂದ ಚಿನ್ನದ ನಾಣ್ಯಕ್ಕೇ 'ವರಾಹ' ಎಂಬ ಹೆಸರು ಬಂದು ದಕ್ಷಿಣದಲ್ಲೆಲ್ಲ ಚಾಲ್ತಿಯಾಯಿತು. ಕಮ್ಮಟದ ಪದ ಉಳಿಯಿತು, ವರಾಹದ ಪದ ಉಳಿಯಿತು. ಕಮ್ಮಟದಲ್ಲಿ ಕೂತಿದ್ದ ಅಕ್ಕಸಾಲಿಗ ಎಲ್ಲಿ?

ಐಹೊಳೆಯ ವ್ಯಾಪಾರಿಗಳನ್ನು ಕೇಳಿ ಬೇಕಾದರೆ. 'ಅಯ್ಯಾವೊಳೆಯ ಐನೂರ್ವರು' ಎಂಬ ಅವರ ಸಂಘ ದಕ್ಷಿಣ ಭಾರತದ ತುಂಬ, ಶ್ರೀಲಂಕಾದಲ್ಲಿ, ಕಡಲಾಚೆ ಸುಮಾತ್ರಾದಲ್ಲಿ ಕೂಡ 1088ರ ಹೊತ್ತಿಗೆ ಶಾಸನ ಹಾಕಿಸಿತ್ತು. ಹೋದಲ್ಲೆಲ್ಲ ತಮ್ಮ ಹೆಸರು, ಬಿರುದು ಕಲ್ಲಿಗೆ ಹತ್ತಿಸಿದರು. ಹೆಸರಿನ ಬೆಲೆ ಏನು ಎಂದು ಅವರಿಗೆ ಗೊತ್ತಿತ್ತು. ವ್ಯಾಪಾರಿ ಹಾಕಿದರೆ ಬ್ರಾಂಡ್, ಕವಿ ಹಾಕಿದರೆ ಅಂಕಿತ, ರಾಜ ಹಾಕಿದರೆ ಇತಿಹಾಸ. ಕೈಯಲ್ಲಿ ಮಾಡಿದವನು ಹಾಕಿದರೆ ಮಾತ್ರ ಅಹಂಕಾರ.

ಒಂದು ಮಾತು ಒಪ್ಪುತ್ತೇನೆ. ಸಾವಿರಾರು ಜನ ನಿಜಕ್ಕೂ ಹೆಸರು ಹಾಕಲಿಲ್ಲ. ಅವರಲ್ಲಿ ಕೆಲವರು ಭಕ್ತಿಯಿಂದಲೇ ಬಿಟ್ಟಿರಬಹುದು. ತಾನಾಗಿ ಬಿಟ್ಟವನಿಗೆ ನನ್ನ ನಮಸ್ಕಾರ. ಆದರೆ ಬಿಟ್ಟವನು ಯಾರು, ಬಿಡಿಸಲ್ಪಟ್ಟವನು ಯಾರು ಎಂದು ಹೇಳುವ ಹಕ್ಕು ನಮಗಿಲ್ಲ. ಕಾಣದ ಹೆಸರುಗಳ ಬಾಯಿಗೆಲ್ಲ ಸಾರಾಸಗಟು ತ್ಯಾಗದ ಮಾತು ತುರುಕಿ, ಕಾಣುತ್ತಿರುವ ನರಸೊಬ್ಬನನ್ನೂ ಗುಂಡನನ್ನೂ ಮರೆಸುವುದಿದೆಯಲ್ಲ, ಅದಕ್ಕೆ ನನ್ನ ತಕರಾರು.

ಐಹೊಳೆಯಲ್ಲಿ ಗುಡಿಗಳ ಹೆಸರು ಕೇಳಿದ್ದೀರಾ? ಲಾಡಖಾನ್ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ. ಒಂದು ಕಾಲಕ್ಕೆ ಊರ ಜನ ಈ ಗುಡಿಗಳಲ್ಲಿ, ಗುಡಿಗಳಿಗೆ ಅಂಟಿಕೊಂಡು ಬದುಕುತ್ತಿದ್ದರು. ಲಾಡಖಾನ್ ಅಲ್ಲಿ ವಾಸವಿದ್ದ ಒಬ್ಬ ಮುಸಲ್ಮಾನ. ನನಗೆ ಈ ಹೆಸರುಗಳೆಂದರೆ ಬಲು ಪ್ರೀತಿ. ಬಾಡಿಗೆ ಇದ್ದವರ ಹೆಸರು ಇಷ್ಟು ಚೆಂದವಾಗಿ ನೆನಪಿಟ್ಟ ಊರಿಗೆ ಕಟ್ಟಿದವರ ಹೆಸರು ನೆನಪಿಡುವುದು ಭಾರವೇ? ಗೇಟಿನ ಹತ್ತಿರ ಒಂದು ಬೋರ್ಡ್ ಹಾಕಿ: ನರಸೊಬ್ಬ, ಇಲ್ಲಿ ಕೆಲಸ ಮಾಡಿದವನು. ಅಷ್ಟು ಸಾಕು. ಆ ಗೈಡ್ ಹುಡುಗ ಮಾರನೇ ದಿನದಿಂದ ಅದನ್ನೇ ಹೇಳುತ್ತಾನೆ, ಇನ್ನೂ ಚೆನ್ನಾಗಿ ಹೇಳುತ್ತಾನೆ.

ನಮ್ಮ ನಿಮ್ಮ ಕೈಲಾಗುವುದೂ ಇದೆ. ಕೊನೆಯ ಸ್ಲೈಡ್‌ನಲ್ಲಿ ಹೆಸರು ಹಾಕಿ, ಕಾಂಟ್ರಾಕ್ಟ್ ಮೇಲಿದ್ದವರದೂ ಸೇರಿಸಿ. ಯಾರಾದರೂ ಅಳಿಸಿದರೆ ಮತ್ತೆ ಹಾಕಿ. ನೀವೇ ಮ್ಯಾನೇಜರ್ ಆಗಿದ್ದರೆ, ನಿಮ್ಮ ಹೆಸರು ದಪ್ಪಗಿರಲಿ ಪರವಾಗಿಲ್ಲ, ಉಳಿದವರದು ಓದುವಷ್ಟಾದರೂ ಇರಲಿ. 'ಟೀಮ್' ಅನ್ನುವುದು ಹೆಸರುಗಳ ಪಟ್ಟಿಗೆ ಇಟ್ಟ ತಲೆಬರಹ. ಕೆಳಗಿನ ಪಟ್ಟಿ ಹರಿದರೆ ತಲೆಬರಹಕ್ಕೆ ಏನರ್ಥ?

ಗೆಳೆಯರನ್ನು ಬಸ್ಸು ಹತ್ತಿಸಿ ನಾನು ಮನೆಗೆ ಹೋದೆ. ಅಟ್ಟದ ಮೇಲಿದ್ದ ಒಂದು ಹಿತ್ತಾಳೆ ತಂಬಿಗೆ ಇಳಿಸಿ ಅಪ್ಪನ ಮುಂದಿಟ್ಟು, "ಅಪ್ಪಾ, ಇದರ ಮ್ಯಾಲ ನಿಮ್ಮ ಹೆಸರ ಕೊರೀರಿ" ಅಂದೆ.

ನಕ್ಕರು. "ನನ್ನ ಹೆಸರ ಯಾಕಪಾ ತಮ್ಮಾ? ನಾ ಯಾರಿಗೆ ಕೊಡಾಂವ ಅದನ್ನ?"

"ಯಾರಿಗೂ ಬ್ಯಾಡ್ರಿ. ನಿಮ್ಮ ಕೆಲಸ, ನಿಮ್ಮ ಹೆಸರ."

ಸ್ವಲ್ಪ ಹೊತ್ತು ತಂಬಿಗೆಯನ್ನು ತಿರುವಿ ತಿರುವಿ ನೋಡಿದರು. ಈಗ ಕಣ್ಣು ಮಂಜು, ಕೈ ಮೊದಲಿನಂತಿಲ್ಲ. ಪಾತ್ರೆ ಅಂಗಡಿಗಳಲ್ಲಿ ಮಷಿನ್ ಬಂದು ಎಷ್ಟೋ ವರ್ಷ ಆಯಿತು. ಪೆಟ್ಟಿಗೆಯಿಂದ ಉಳಿ ತರಿಸಿದರು. ನಾಲ್ಕು ಅಕ್ಷರಕ್ಕೆ ಅರ್ಧ ತಾಸು ಹಿಡಿಯಿತು, ಒಂದು ಒತ್ತಕ್ಷರ ಸೊಟ್ಟ ಬಂತು. ಆಮೇಲೆ ತಾವೇ ಕೇಳಿದರು: "ತಾರೀಖ ಹಾಕಲಿ?"

ಹಾಕಿರಿ ಅಂದೆ.